ಗಿರಗಿಟ್ಲೆ ಗೇಟಿನಲ್ಲಿ ‘ನೀವು ಮೊದಲು’

ಬೇರೆಯವರು ತಂದು ತಲೆಗೆ ಕಟ್ಟಿದ ಪೀಡೆಯನ್ನು ಬಾಯ್ತುಂಬ ಬೈದು ಹಗುರಾಗಬಹುದು. ನಾವೇ ದುಂಬಾಲು ಬಿದ್ದು ತರಿಸಿಕೊಂಡದ್ದನ್ನು ಹಾಗೆ ಬೈಯುವಂತಿಲ್ಲ. ಬೈದರೆ ‘ನೀನೇ ತಾನೆ ಕೇಳಿದ್ದು?’ ಎನ್ನುತ್ತಾರೆ. ಮನೆಯಲ್ಲಿ ನನಗೆ ಇದರ ಅನುಭವ ಆಗಿದೆ. ಮಿಕ್ಸಿಯ ಹಿಟ್ಟಿನ ದೋಸೆ ದೋಸೆಯೇ ಅಲ್ಲ, ಗ್ರೈಂಡರೇ ಬೇಕು ಎಂದು ಹಠ ಹಿಡಿದವನು ನಾನು. ಈಗ ಪ್ರತಿ ಭಾನುವಾರ ಆ ಗ್ರೈಂಡರಿನ ಕಲ್ಲು ಎತ್ತಿ ತೊಳೆಯುವವನೂ ನಾನೇ. ಹೆಂಡತಿ ಪಕ್ಕದಲ್ಲಿ ನಿಂತು, “ಹದ ಚೆನ್ನಾಗಿದೆ ಅಲ್ವೇನ್ರೀ?” ಎಂದು ಕೇಳುತ್ತಾಳೆ. ಇಷ್ಟಾದರೂ ಬುದ್ಧಿ ಬರದೆ, ಕೆಲಸದ ಜಾಗದಲ್ಲೂ ಒಂದನ್ನು ಕೇಳಿ ತರಿಸಿಕೊಂಡೆ. ಅದು ಗೇಟು.

ನಾನು ಸೋಂಪುರದ ಕಡೆ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೇನೆ. ಯಾರು ಬಂದರು, ಯಾರು ಹೋದರು ಎಂದು ನೋಡುವುದೇ ನನ್ನ ಕೆಲಸ. ಮೊದಲು ಗೇಟಿನಲ್ಲಿ ಸೆಕ್ಯುರಿಟಿ ಮುನಿರಾಜು ಒಂದು ದಪ್ಪ ರಿಜಿಸ್ಟರು ಇಟ್ಟುಕೊಂಡು ಕೂತಿರುತ್ತಿದ್ದ. ಒಬ್ಬ ಬಂದು ನಾಲ್ವರ ಸಹಿ ಹಾಕುತ್ತಿದ್ದ. ಮಿಕ್ಕ ಮೂವರು ಎದುರಿನ ಅಂಗಡಿಯಲ್ಲಿ ಬನ್ನು ಅದ್ದಿಕೊಂಡು ಟೀ ಕುಡಿಯುತ್ತಿದ್ದರು. ನಮ್ಮಲ್ಲಿ ಕುಲುಮೆಗಳಿವೆ, ಎಣ್ಣೆಯ ತೊಟ್ಟಿಗಳಿವೆ. ಸುರಕ್ಷತೆ ನೋಡಿಕೊಳ್ಳುವ ಶಬಾನಾ ಮೇಡಂ ಒಂದು ದಿನ ಕೇಳಿದರು: “ಬೆಂಕಿ ಗಿಂಕಿ ಬಿದ್ರೆ ಒಳಗಡೆ ಯಾರ್ಯಾರಿದ್ದಾರೆ ಅಂತ ಹೇಳೋಕೆ ನಿಮ್ಮ ಹತ್ರ ಏನಿದೆ ಮೂರ್ತಿಯವರೇ?” ನನ್ನ ಹತ್ತಿರ ಆ ರಿಜಿಸ್ಟರು ಬಿಟ್ಟರೆ ಏನೂ ಇರಲಿಲ್ಲ. ಅವತ್ತಿನಿಂದ ಮ್ಯಾನೇಜರ ಬೆನ್ನು ಹತ್ತಿ, ಕಾಡಿ ಬೇಡಿ, ಕೊನೆಗೂ ಮೋಟಾರಿನ ಗೇಟು ತರಿಸಿದೆ. ಮೂರು ಸ್ಟೀಲಿನ ತೋಳು, ಹೊಟ್ಟೆಯೊಳಗೆ ಮೋಟಾರು. ಕಾರ್ಡು ತೋರಿಸಿದರೆ ಹಸಿರು ದೀಪ. ತೋಳು ಒಂದು ಸುತ್ತು ತಿರುಗಿ ಒಬ್ಬರನ್ನು ಒಳಗೆ ಬಿಡುತ್ತದೆ, ಅವರ ಹೆಸರು ನನ್ನ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಅದೇ ಕಾರ್ಡನ್ನು ಇನ್ನೊಮ್ಮೆ ತೋರಿಸಿದರೆ ಕೆಂಪು ದೀಪ ಹಾಕಿ ಕಿರ್ರ್ ಎಂದು ಕಿರುಚುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ಆ ಮನುಷ್ಯ ಆಗಲೇ ಒಳಗಿದ್ದಾನೆ. ನಮ್ಮ ಜನ ಮೊದಲನೇ ದಿನವೇ ಅದಕ್ಕೆ ಗಿರಗಿಟ್ಲೆ ಎಂದು ಹೆಸರಿಟ್ಟರು.

ಕಳ್ಳಾಟ ಆಡುವವರಿಗೆಲ್ಲ ನಾನು ಮೊದಲೇ ಮದ್ದು ಯೋಚಿಸಿಟ್ಟಿದ್ದೆ. ನಾನು ಯೋಚಿಸದೇ ಬಿಟ್ಟದ್ದು ಮರ್ಯಾದಸ್ಥರನ್ನು. ನಮ್ಮ ಕಡೆಯವರು ಹೋಟೆಲಿನಲ್ಲಿ ಕೈ ತೊಳೆಯುವುದಕ್ಕೂ ಹಿರಿಯರನ್ನು ಮುಂದೆ ಬಿಡುವ ಜನ. ಹುಡುಗ ಕಾರ್ಡು ತೋರಿಸುತ್ತಾನೆ, ಹಸಿರು ದೀಪ ಹತ್ತುತ್ತದೆ, ಅಷ್ಟರಲ್ಲಿ ಹಿಂದೆ ದೊಡ್ಡವರೊಬ್ಬರು ನಿಂತಿರುವುದು ಕಾಣುತ್ತದೆ. “ನೀವು ಹೋಗಿ ಅಣ್ಣಾ.” “ಬ್ಯಾಡ ಕಣಪ್ಪಾ, ನೀನ್ ನಡಿ.” “ಅಯ್ಯೋ, ಹೋಗಣ್ಣಾ.” ಅಣ್ಣ ಹೋಗುತ್ತಾನೆ, ತೋಳು ತಿರುಗುತ್ತದೆ. ಆಮೇಲೆ ಹುಡುಗ ತನ್ನ ಕಾರ್ಡು ತೋರಿಸಿದರೆ ಕಿರ್ರ್! ಮುನಿರಾಜು ಅಯ್ಯೋ ಪಾಪ ಎಂದು, ಕೈಗಾಡಿಗಳಿಗಾಗಿ ಇಟ್ಟ ಪಕ್ಕದ ಬಾಗಿಲು ತೆಗೆದು ಅವನನ್ನು ಒಳಗೆ ಬಿಡುತ್ತಾನೆ. ನನ್ನ ಪಟ್ಟಿಯಲ್ಲಿ ಹುಡುಗನ ಹೆಸರಿರುತ್ತದೆ. ಅಣ್ಣ ಒಳಗೆ ಬೆವರು ಸುರಿಸುತ್ತಿದ್ದರೂ ಅವನ ಹೆಸರು ಎಲ್ಲಿಯೂ ಇರುವುದಿಲ್ಲ.

ಕೂಗಾಡಿದೆ. ಕೈ ಮುಗಿದೆ. ‘ಒಂದು ಕಾರ್ಡಿಗೆ ಒಬ್ಬರೇ. ಇಲ್ಲಿ ಮರ್ಯಾದೆ ಬೇಡ’ ಎಂದು ದಪ್ಪಕ್ಷರದಲ್ಲಿ ಬರೆಸಿ ಅಂಟಿಸಿದೆ. ಎರಡನೇ ವಾಕ್ಯದ ಫೋಟೋ ಎಲ್ಲರ ಮೊಬೈಲಿನಲ್ಲೂ ಓಡಾಡಿದ ಮೇಲೆ ಮ್ಯಾನೇಜರು ಕರೆದು ಅದನ್ನು ಅಳಿಸಲು ಹೇಳಿದರು. “ಮರ್ಯಾದೆ ಒಳಗ್ಹೋದ್ಮೇಲೆ ಕೊಡ್ರಪ್ಪಾ, ಎಷ್ಟ್ ಬೇಕಾದ್ರೂ ಕೊಡಿ!” ಎಂದು ಗೋಗರೆದರೆ, ಪ್ರೆಸ್ ಮಷೀನಿನ ಮಂಜ, “ಅದೆಂಗಾಯ್ತದೆ ಸಾರ್? ದೊಡ್ಡೋರ್ನ ಹಿಂದೆ ನಿಲ್ಲಿಸ್ಬುಟ್ಟು ನಾವ್ ನುಗ್ಗಾಕಾಯ್ತದಾ?” ಎಂದು ನನಗೇ ಬುದ್ಧಿ ಹೇಳಿದ. ಸಿಟ್ಟು ನೆತ್ತಿಗೇರಿ ಹನ್ನೊಂದು ಜನಕ್ಕೆ ವಾರ್ನಿಂಗ್ ಲೆಟರ್ ಕೊಟ್ಟೆ. ಮೊದಲನೆಯದು ಮಂಜನಿಗೆ.

ಕಳೆದ ಗುರುವಾರ ಶಬಾನಾ ಮೇಡಂ ಬೆಂಕಿಯ ಅಣಕು ಕಾರ್ಯಾಚರಣೆ ಇಟ್ಟರು. ಸೈರನ್ ಕೂಗಿದ ಕೂಡಲೇ ಎಲ್ಲರೂ ಹೊರಗೆ ಓಡಿಬಂದು ಹೊಂಗೆಮರದ ಕೆಳಗೆ ನಿಲ್ಲಬೇಕು, ನಾನು ಗೇಟಿನ ಪಟ್ಟಿ ಹಿಡಿದು ಹೆಸರು ಕೂಗಬೇಕು. “ನೋಡಿ ಮೂರ್ತಿಯವರೇ, ಈ ಪಟ್ಟೀಲಿ ಇಲ್ದೋರನ್ನ ಬೆಂಕೀಲಿ ಯಾರೂ ಹುಡುಕೋದಿಲ್ಲ,” ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ಸೈರನ್ ಕೂಗಿತು, ಜನ ಬಂದರು, ನಾನು ಕೂಗಿದೆ. ಒಬ್ಬೊಬ್ಬರೂ “ಇದೀನಿ ಸಾರ್” ಎಂದರು. ಕೊನೆಯ ಹೆಸರಿನವರೆಗೂ ಒಂದೂ ತಪ್ಪಲಿಲ್ಲ! ಹನ್ನೊಂದು ಪತ್ರಗಳು ಫಲ ಕೊಟ್ಟವು ಎಂದು ಎದೆಯುಬ್ಬಿಸಿ, “ಮೇಡಂ, ಒಳಗೆ ಒಂದು ನರಪಿಳ್ಳೆಯೂ ಇಲ್ಲ,” ಎಂದು ಘೋಷಿಸಿದೆ. ಮೇಡಂ ಚಪ್ಪಾಳೆ ತಟ್ಟತೊಡಗಿದರು.

ಆಗ ಕುಲುಮೆ ಶೆಡ್ಡಿನ ಬಾಗಿಲಿನಿಂದ ರಂಗಣ್ಣ ಹೊರಗೆ ಬಂದರು. ರಂಗಣ್ಣ ನಮ್ಮಲ್ಲಿ ಎಲ್ಲರಿಗಿಂತ ಹಳಬರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಿಂಗಳುಗಟ್ಟಲೆ ತಮ್ಮ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟವರು. ಕಿವಿಗೆ ತುರುಕಿದ್ದ ಹತ್ತಿಯನ್ನು ನಿಧಾನವಾಗಿ ತೆಗೆಯುತ್ತ, “ಏನ್ರಪ್ಪಾ, ಎಲ್ಲಾ ಇಲ್ಲಿ ನಿಂತ್ಬುಟ್ಟಿದ್ದೀರಾ? ಊಟದ್ ಬೆಲ್ ಆಯ್ತಾ?” ಎಂದರು.

ಚಪ್ಪಾಳೆ ನಿಂತಿತು. “ಮೂರ್ತಿಯವರೇ, ಇದು ನಿಜವಾದ ಬೆಂಕಿ ಆಗಿದ್ರೆ?” ಎಂದು ಮೇಡಂ ಮೆಲ್ಲಗೆ ಕೇಳಿದರು. ನನಗೆ ಉಣ್ಣಲು ಕೊಟ್ಟ ಮನುಷ್ಯನನ್ನು ಒಳಗೆ ಬಿಟ್ಟು, ಯಾರೂ ಇಲ್ಲವೆಂದು ಊರಿಗೆಲ್ಲ ಕೇಳುವಂತೆ ಸಾರಿದ್ದೆ. ನನಗೆ ಹೆದರಿಕೆಯಾದರೆ ಅದು ಸಿಟ್ಟಾಗಿಯೇ ಹೊರಬರುವುದು. “ರಂಗಣ್ಣ, ಯಾವನ ಕಾರ್ಡ್‌ನಲ್ಲಿ ಒಳಗೆ ಬಂದ್ರಿ? ಹೆಸರು ಹೇಳಿ. ಇವತ್ತೇ ಅವನಿಗೆ ಲೆಟರ್ ಕೊಡ್ತೀನಿ!” ಎಂದು ಅರಚಿದೆ.

“ಬ್ಯಾಡ ಬುಡಪ್ಪಾ ಮೂರ್ತಿ.”

“ಇಲ್ಲ, ಹೇಳ್ಲೇಬೇಕು!”

ರಂಗಣ್ಣ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. ಆದರೆ ಕಿವಿ ಮಂದವಾದವರ ತಗ್ಗಿದ ದನಿ ಮಂಜನಿಗೂ ಕೇಳಿಸಿತು. “ನಿಂದೇ ಕಣಪ್ಪಾ. ಬೆಳಗ್ಗೆ ಹಸ್ರು ದೀಪ ಹತ್ತುಸ್ಬುಟ್ಟು, ಬನ್ನಿ ರಂಗಣ್ಣ, ನೀವು ಮೊದ್ಲು ಅಂದ್ಯಲ್ಲಾ.”

ಅಂದಿದ್ದೆ. ಆಮೇಲೆ ನನ್ನ ಕಾರ್ಡಿಗೆ ಗೇಟು ಕಿರ್ರ್ ಎಂದಾಗ, “ಇದಕ್ಕೇನೋ ರೋಗ ಬಂದಿದೆ, ಪಕ್ಕದ ಬಾಗಿಲು ತೆಗಿ ಮುನಿರಾಜು” ಎಂದು ಬೈದುಕೊಂಡು ಒಳಗೆ ಹೋಗಿದ್ದೂ ನಿಜ.

ಹನ್ನೆರಡನೆಯ ಪತ್ರವನ್ನು ನಾನೇ ಟೈಪು ಮಾಡಿದೆ. ಕೊಟ್ಟವರ ಸಹಿ, ಪಡೆದವರ ಸಹಿ, ಎರಡೂ ನನ್ನವೇ. ಮರುದಿನ ಬೆಳಗ್ಗೆ ಗೇಟಿನಲ್ಲಿ ಕಾರ್ಡು ತೋರಿಸಿ ತಿರುಗಿದರೆ ಹಿಂದೆ ರಂಗಣ್ಣ, ಕೈಯಲ್ಲಿ ಅದೇ ಡಬ್ಬಿಯ ಚೀಲ. ಹಸಿರು ದೀಪ ಉರಿಯುತ್ತಿತ್ತು. ನನ್ನ ಕಾಲು ಏಳಲಿಲ್ಲ. “ನಡಿಯಪ್ಪಾ, ನೀನೇ ಮೊದ್ಲು,” ಎಂದರು ರಂಗಣ್ಣ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಹಿರಿಯರಿಗೆ ಬೆನ್ನು ತೋರಿಸಿ ನುಗ್ಗಿಬಿಟ್ಟೆ. ಹಿಂದಿನ ಸಾಲಿನಿಂದ ಮಂಜನ ದನಿ ಕೇಳಿಸಿತು: “ನೋಡ್ರಲಾ ಟೈಮ್ ಆಫೀಸ್ ಸಾರ್‌ನ! ದೊಡ್ಡೋರು ಅನ್ನೋ ಗ್ಯಾನವೇ ಇಲ್ಲ.”