ಅಚ್ಚುವಿನ ಹಿಕ್ಕೆಗೆ ಕಾದದ್ದು

ಔಷಧಿ ಅಂಗಡಿ ಇಟ್ಟವರಿಗೆ ಬರುವ ಕಾಯಿಲೆ ಒಂದಿದೆ. ಅದಕ್ಕೆ ನಮ್ಮ ಅಂಗಡಿಯ ಯಾವ ಗೂಡಿನಲ್ಲೂ ಮಾತ್ರೆಯಿಲ್ಲ. ಮೊದಲ ಐದು ವರ್ಷ ಡಾಕ್ಟರು ಬರೆದ ಚೀಟಿ ಓದಲು ಒದ್ದಾಡುತ್ತೇವೆ. ಮುಂದಿನ ಐದು ವರ್ಷದಲ್ಲಿ ಚೀಟಿಯ ಮಡಿಕೆ ಬಿಚ್ಚುವ ಮೊದಲೇ ಅದರೊಳಗೆ ಏನಿದೆಯೆಂದು ಹೇಳುತ್ತೇವೆ. ಅದಾದ ಮೇಲೆ ಚೀಟಿ ಯಾಕೆ ಬೇಕು, ಡಾಕ್ಟರಾದರೂ ಯಾಕೆ ಬೇಕು ಅನ್ನಿಸತೊಡಗುತ್ತದೆ. ಮಂಡ್ಯದ ಗುತ್ತಲಿನಲ್ಲಿ ನಾನು ಅಂಗಡಿ ತೆರೆದು ಇಪ್ಪತ್ತು ವರ್ಷ ದಾಟಿದೆ. ನನ್ನ ಕಾಯಿಲೆ ಯಾವ ಹಂತದಲ್ಲಿದೆಯೆಂದು ನೀವೇ ಊಹಿಸಿಕೊಳ್ಳಿ. "ಡಾಕ್ಟ್ರೇ, ಮಗೀಗೆ ಮೂಗು ಸೋರ್ತಾದೆ, ಏನಾರ ಕೊಡಿ" ಎಂದು ಹೆಂಗಸರು ಬಂದಾಗ, ನಾನು ಡಾಕ್ಟರಲ್ಲ ಕಣಮ್ಮ ಎಂದು ಮೊದಮೊದಲು ತಿದ್ದುತ್ತಿದ್ದೆ. ಎಷ್ಟು ಜನರನ್ನು ತಿದ್ದೋದು ಎಂದು ಆಮೇಲೆ ಸುಮ್ಮನಾದೆ. ಸುಮ್ಮನಾದ ಮೇಲೆ ಆ ಮಾತು ಕೇಳಲು ಬಹಳ ಹಿತವಾಗಿದೆಯೆಂದು ಗೊತ್ತಾಯಿತು.

ಇಂಥ ನನ್ನ ಮನೆಗೆ ಅಚ್ಚು ಬಂದು ಎರಡು ವರ್ಷವಾಯಿತು. ಅಚ್ಚು ಒಂದು ಗಿನಿಪಿಗ್. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಬಾಲವೂ ಇಲ್ಲ, ಕೆಲಸವೂ ಇಲ್ಲ. ನನ್ನ ಹೆಂಡತಿ ಸುಮಿತ್ರಳ ತಂಗಿಯ ಸಂಸಾರ ಬ್ಲಫ್‌ನ ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನಲ್ಲಿತ್ತು. ಅವರಿಗೆ ವರ್ಗವಾದಾಗ, "ಹದಿನೈದೇ ದಿನ ಇಟ್ಕೊಂಡಿರಿ ಭಾವ, ಮನೆ ಸಿಕ್ಕಿದ ತಕ್ಷಣ ತಗೊಂಡೋಗ್ತೀವಿ" ಎಂದು ಇದನ್ನು ಬೋನಿನ ಸಮೇತ ಇಳಿಸಿ ಹೋದರು. ಅವರಿಗೆ ಮನೆಯೂ ಸಿಕ್ಕಿತು, ಆ ಮನೆಗೊಂದು ನಾಯಿಯೂ ಸಿಕ್ಕಿತು, ಅಚ್ಚು ನಮ್ಮಲ್ಲೇ ಉಳಿಯಿತು. ಬೆಲ್ಲದ ಅಚ್ಚಿನ ಬಣ್ಣ, ಅದರದೇ ಆಕಾರ, ಅದಕ್ಕೇ ಆ ಹೆಸರು. "ಇಲಿ ಇಡಿಯಕ್ಕೆ ಬೋನ್ ಇಕ್ತಾರೆ, ನೀವು ಬೋನ್ನಾಗಿಟ್ಟು ಸಾಕ್ತೀರಲ್ಲೋ" ಎಂದು ಮೊದಲ ದಿನ ಮೂಗು ಮುರಿದ ನನ್ನ ಅವ್ವ, ತಿಂಗಳು ಕಳೆಯುವಷ್ಟರಲ್ಲಿ ತನ್ನ ಮುದ್ದೆಯಲ್ಲಿ ಒಂದು ಚಿಟಿಕೆ ಅದಕ್ಕೆಂದು ತೆಗೆದಿಡತೊಡಗಿದಳು. ಫ್ರಿಜ್ಜಿನ ಬಾಗಿಲು ತೆಗೆದ ಸದ್ದಾದರೆ ಸಾಕು, ಕೊತ್ತಂಬರಿ ಸೊಪ್ಪು ಬಂತೆಂದು ಸಿಳ್ಳೆ ಹಾಕಿದ ಹಾಗೆ ಕೂಗುತ್ತಿತ್ತು. ನನ್ನ ಬೈಕಿನ ಸದ್ದಿಗೂ ಕೂಗುತ್ತಿತ್ತು. ನಾನು ಮನೆಗೆ ಬಂದೆನೆಂದು ಸಂತೋಷಪಡುವ ಜೀವ ಆ ಮನೆಯಲ್ಲಿ ಅದೊಂದೇ ಆದ್ದರಿಂದ ನನಗೆ ಅದರ ಮೇಲೆ ಪ್ರೀತಿ ಬಂದುಬಿಟ್ಟಿತ್ತು.

ಒಂದು ಸೋಮವಾರ ಫ್ರಿಜ್ಜು ತೆಗೆದರೂ ಸಿಳ್ಳೆ ಬರಲಿಲ್ಲ. ನೋಡಿದರೆ ಅಚ್ಚು ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು ಕೂತಿದೆ, ಗದ್ದವೆಲ್ಲ ಜೊಲ್ಲು, ಹಿಂದಿನ ದಿನದ ಸೊಪ್ಪು ಹಾಗೇ ಬಾಡಿ ಬಿದ್ದಿದೆ. "ಡಾಕ್ಟ್ರಿಗೆ ತೋರಿಸ್ಬೇಕು ಕಣ್ರೀ" ಎಂದಳು ಸುಮಿತ್ರ. ಆ ಪದವನ್ನು ಅವಳು ನನ್ನನ್ನು ಬಿಟ್ಟು ಇನ್ನೊಬ್ಬರಿಗೆ ಬಳಸಿದ್ದು ನನಗೆ ನಾಟಿತು. "ಶೀತ, ಜೊತೆಗೆ ಒಂಚೂರು ಇನ್ಫೆಕ್ಷನ್. ನಾಳೆ ನೋಡೋಣ ಬಿಡು" ಎಂದೆ. ಅವಳು ಗೆಜ್ಜಲಗೆರೆಯ ಕಾರ್ಖಾನೆಯ ಆಫೀಸಿಗೆ ಬಸ್ಸು ಹಿಡಿದು ಹೋದ ಮೇಲೆ, ಅವ್ವ ಹಿತ್ತಲಿಗೆ ಹೋದ ಹೊತ್ತು ನೋಡಿ, ಮಕ್ಕಳಿಗೆ ಕೊಡುವ ಗುಲಾಬಿ ಬಣ್ಣದ ಅಮಾಕ್ಸಿಸಿಲಿನ್ ಸಿರಪ್ಪು ತೆಗೆದೆ. ಗುತ್ತಲಿನಲ್ಲಿ ಹುಟ್ಟಿ ಬೆಳೆದ ಮಗು ಇದರ ರುಚಿ ನೋಡದೆ ಸ್ಕೂಲು ಸೇರಿದ್ದಿಲ್ಲ. ಎಷ್ಟು ಕೊಡಬೇಕು? ಮೂರು ತಿಂಗಳ ಕೂಸಿಗೆ ಇಷ್ಟಾದರೆ ಇದಕ್ಕೆ ಸುಮಾರು ಅದರ ಕಾಲುಭಾಗ ಅಂದುಕೊಂಡು ಡ್ರಾಪರ್ ಬಾಯಿಗಿಟ್ಟೆ. ಅಚ್ಚು ತಲೆ ಕೊಡವಿತು. ಅರ್ಧ ಅದರ ಹೊಟ್ಟೆಗೆ, ಅರ್ಧ ನನ್ನ ಬನೀನಿಗೆ. ಕಲೆ ಸುಮಿತ್ರಳ ಕಣ್ಣಿಗೆ ಬೀಳಬಾರದೆಂದು ಬಚ್ಚಲಲ್ಲಿ ಬನೀನು ಉಜ್ಜುತ್ತಿದ್ದಾಗ ಅವ್ವ ಬಂದು ನಿಂತಳು. ಮದುವೆಯಾದ ಮೇಲೆ ನಾನು ಬಟ್ಟೆ ಒಗೆದದ್ದನ್ನು ಅವಳು ನೋಡಿಯೇ ಇರಲಿಲ್ಲ. "ಯಾಕ್ಲಾ ಮಗಾ, ಮೈಗ್ ಉಸಾರಿಲ್ವಾ?" ಎಂದಳು.

ಮಂಗಳವಾರ ಬೆಳಿಗ್ಗೆ ಅಚ್ಚು ಇನ್ನೂ ಸೊರಗಿತ್ತು. ಸುಮಿತ್ರ ನನ್ನನ್ನು ಕೇಳಲೂ ಇಲ್ಲ. ರಜೆ ಹಾಕಿ, ಬುಟ್ಟಿಗೆ ಹಳೇ ಟವೆಲ್ ಹಾಸಿ, ಅಚ್ಚುವನ್ನು ಮಲಗಿಸಿಕೊಂಡು ಹೊರಟಳು. ನಾನು ಹಿಂದೆ ನಡೆದೆ. ಮಂಡ್ಯದ ದನದ ಡಾಕ್ಟರೊಬ್ಬರ ಮುಂದೆ ಎರಡು ಹಸು, ಒಂದು ಎಮ್ಮೆ, ಕಾಲು ಮುರಿದ ಟಗರು ಆದ ಮೇಲೆ ನಮ್ಮ ಸರದಿ ಬಂತು. ತಲೆ ನರೆತ ಆ ಡಾಕ್ಟರು ಬುಟ್ಟಿಯೊಳಗೆ ಇಣುಕಿ ಕೈ ಹಿಂದಕ್ಕೆ ಕಟ್ಟಿಕೊಂಡರು. "ನೋಡಿ ಸ್ವಾಮಿ, ಎಮ್ಮೆ ತನ್ನಿ, ಕುರಿ ತನ್ನಿ, ಕೈ ಹಾಕ್ತೀನಿ. ಇದರ ವಿಷಯ ನಂಗೆ ಗೊತ್ತಿಲ್ಲ. ಗೊತ್ತಿಲ್ದೆ ಸೂಜಿ ಚುಚ್ಚಿದ್ರೆ ಜೀವ ಓಯ್ತದೆ. ಮಳವಳ್ಳೀಲಿ ಒಬ್ಬರು ಡಾಕ್ಟರಮ್ಮ ಅವ್ರೆ, ಮೊಲ ಗಿನಿಪಿಗ್ ಎಲ್ಲ ನೋಡಿ ಕಲಿತು ಬಂದೋರು. ಇವತ್ತೇ ಓಗಿ" ಎಂದು ಫೋನ್ ನಂಬರು ಬರೆದುಕೊಟ್ಟರು. ಇಷ್ಟು ಓದಿ, ಇಷ್ಟು ವಯಸ್ಸಾಗಿ, ನಾಚಿಕೆಯಿಲ್ಲದೆ ಗೊತ್ತಿಲ್ಲ ಅಂತಾರಲ್ಲ ಎಂದು ನನಗೆ ಅವರ ಮೇಲೆ ಕನಿಕರ ಬಂತು. ಇಪ್ಪತ್ತು ವರ್ಷದಲ್ಲಿ ನನ್ನ ಅಂಗಡಿಯ ಕಟ್ಟೆಯ ಮೇಲೆ ನಾನು ಆ ಮಾತು ಆಡಿದ್ದು ಒಂದೇ ಸಲ, ಅದೂ ಯಾರೋ ಬಸ್ಸಿನ ಟೈಮು ಕೇಳಿದಾಗ.

ಮದ್ದೂರಿನಲ್ಲಿ ಇಳಿದು ಮಳವಳ್ಳಿ ಬಸ್ಸು ಹತ್ತಿದೆವು. ಪಕ್ಕದ ಸೀಟಿನಲ್ಲಿದ್ದ ಯಜಮಾನರೊಬ್ಬರು ಬುಟ್ಟಿಯನ್ನೇ ನೋಡುತ್ತಿದ್ದರು. "ಏನಪ್ಪಾ ಇದು?" ಗಿನಿಪಿಗ್ ಎಂದೆ. "ಆಲ್ ಕರೀತದಾ?" ಇಲ್ಲ. "ಮೊಟ್ಟೆ ಇಕ್ತದಾ?" ಇಲ್ಲ. "ತಿನ್ನಕ್ಕಾ?" ಸುಮಿತ್ರ ತಿರುಗಿ ಒಂದು ನೋಟ ನೋಡಿದಳು. ಯಜಮಾನರು ಸ್ವಲ್ಪ ಸರಿದು ಕೂತು, "ಮತ್ಯಾಕವ್ವಾ ಸಾಕಿದ್ದೀರಿ?" ಎಂದರು. "ನೀವು ಮೊಮ್ಮಕ್ಕಳನ್ನ ಯಾಕೆ ಸಾಕಿದ್ದೀರಿ ಯಜಮಾನ್ರೆ?" ಎಂದಳು ಇವಳು. ಅವರು ಬುಟ್ಟಿಯೊಳಗೆ ಇನ್ನೊಮ್ಮೆ ಇಣುಕಿದರು. "ಅದ್ ಸರಿ ಕಣವ್ವ. ಅವೂ ಆಲ್ ಕರೆಯಲ್ಲ" ಎಂದು ಎದ್ದು, ಬುಟ್ಟಿಗೆ ಗಾಳಿ ಸಿಗಲೆಂದು ಕಿಟಕಿ ಪಕ್ಕದ ತಮ್ಮ ಜಾಗ ಬಿಟ್ಟುಕೊಟ್ಟರು. ಅಷ್ಟರಲ್ಲಿ ಬಸ್ಸಿಗೆಲ್ಲ ಸುದ್ದಿಯಾಗಿತ್ತು. ಹೊಟ್ಟೆಗೆ ಇಂಗು ಹಚ್ಚಿ ಎಂದು ಒಬ್ಬಾಕೆ, ದೃಷ್ಟಿಯಾಗಿದೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಎಂದು ಇನ್ನೊಬ್ಬಾಕೆ, ಎರಡು ಹನಿ ಹರಳೆಣ್ಣೆ ಬಿಟ್ಟರೆ ಎದ್ದು ಓಡ್ತದೆ ಎಂದು ಕಂಡಕ್ಟರು. ಓದಿಲ್ಲ ಬರೆದಿಲ್ಲ, ಪ್ರಾಣಿಯ ಹೆಸರು ಕೂಡ ಈಗ ತಾನೇ ಕೇಳಿದ್ದಾರೆ, ಆದರೂ ಔಷಧಿ ಹೇಳುವ ಧೈರ್ಯ ನೋಡಿ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಮಳವಳ್ಳಿಯ ಡಾಕ್ಟರಮ್ಮನಿಗೆ ಮೂವತ್ತೂ ತುಂಬಿರಲಿಕ್ಕಿಲ್ಲ. ಮೊದಲು ಕೈ ತೊಳೆದರು, ಆಮೇಲೆ ಅಚ್ಚುವನ್ನು ತಕ್ಕಡಿಯ ಮೇಲೆ ಕೂರಿಸಿ ಏಳು ನೂರ ಹತ್ತು ಗ್ರಾಂ ಎಂದು ಬರೆದುಕೊಂಡರು. ಸಣ್ಣ ಟಾರ್ಚು ಬಿಟ್ಟು ಬಾಯೊಳಗೆ ನೋಡಿದರು. "ಏನು ತಿನ್ನಿಸ್ತೀರಿ?" ಹಾಲಲ್ಲಿ ನೆನೆಸಿದ ಬಿಸ್ಕತ್ತು, ಬ್ರೆಡ್ಡು, ಅನ್ನ, ಅವ್ವನ ಮುದ್ದೆ, ಕೊತ್ತಂಬರಿ ಎಂದೆವು. "ಹುಲ್ಲು?" ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ದಾರಿಯುದ್ದಕ್ಕೂ ನಾಲೆ ಏರಿಯ ಮೇಲೆ, ಗದ್ದೆಯ ಬದುವಿನ ಮೇಲೆ ಹುಲ್ಲೋ ಹುಲ್ಲು. ಅದರ ನಡುವೆ ಎರಡು ವರ್ಷ ಬದುಕಿದ ಪ್ರಾಣಿಗೆ ನಾವು ಒಂದು ಎಸಳು ಹುಲ್ಲು ಹಾಕಿರಲಿಲ್ಲ. ಹುಲ್ಲು ದನಕ್ಕೆ, ಮನೆಯೊಳಗಿನ ಮಗುವಿಗೆ ಬಿಸ್ಕತ್ತು ಎಂಬುದು ನಮ್ಮ ತಿಳಿವಳಿಕೆ. ಇವುಗಳ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದಂತೆ, ಹುಲ್ಲು ಜಗಿದರೆ ಮಾತ್ರ ಸವೆಯುತ್ತದಂತೆ. ಅಚ್ಚುವಿನ ದವಡೆ ಹಲ್ಲು ಬೆಳೆದು ನಾಲಿಗೆಗೆ ಚುಚ್ಚುತ್ತಿತ್ತು. ಶೀತವೂ ಇಲ್ಲ, ಇನ್ಫೆಕ್ಷನ್ನೂ ಇಲ್ಲ. ಹಸಿವಿತ್ತು, ಆದರೆ ತಿನ್ನಲು ಆಗುತ್ತಿರಲಿಲ್ಲ.

"ಔಷಧಿ ಏನಾದರೂ ಕೊಟ್ಟಿದ್ದೀರಾ?" ಎಂದು ಕೇಳಿದರು. "ಇಲ್ಲ ಮೇಡಂ" ಎಂದಳು ಸುಮಿತ್ರ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಸಂಕಷ್ಟಿ ಯಾವತ್ತೆಂದು ಹುಡುಕುತ್ತಿದ್ದೆ. "ಯಾಕೆ ಕೇಳಿದೆ ಅಂದ್ರೆ, ಮೊನ್ನೆ ಒಬ್ಬರು ಮೊಲಕ್ಕೆ ಮಕ್ಕಳ ಗುಲಾಬಿ ಸಿರಪ್ ಕುಡಿಸಿಕೊಂಡು ಬಂದಿದ್ದರು. ಮೊಲ, ಗಿನಿಪಿಗ್ ಎರಡಕ್ಕೂ ಅದು ವಿಷ ಇದ್ದ ಹಾಗೆ. ಹೊಟ್ಟೆಯಲ್ಲಿರೋ ಒಳ್ಳೆ ಕ್ರಿಮಿಗಳೆಲ್ಲ ಸತ್ತು ಭೇದಿ ಶುರುವಾದರೆ ಉಳಿಸೋದು ಕಷ್ಟ." ನಾನು ಕ್ಯಾಲೆಂಡರು ಬಿಟ್ಟು ಇತ್ತ ತಿರುಗಿದೆ. "ಮೇಡಂ, ನಾನು..." ಎಂದೆ. ಸುಮಿತ್ರ ನಿಧಾನವಾಗಿ ನನ್ನ ಕಡೆ ತಿರುಗಿದಳು. ಎಷ್ಟು ಕೊಟ್ಟಿರಿ ಎಂದರು. ಸುಮಾರು ಕಾಲು ಡ್ರಾಪರ್ ಎಂದೆ. "ಸುಮಾರು ಅಂದ್ರೆ?" ಅರ್ಧ ಬನೀನಿಗೆ ಹೋಯಿತು ಎಂದೆ. "ನೀವು ಏನು ಕೆಲಸ ಮಾಡೋದು?" ಮೆಡಿಕಲ್ ಸ್ಟೋರು ಎಂದೆ. ಆ ಹುಡುಗಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ.

ಆಕೆ ಬೈಯಲಿಲ್ಲ. ತಮಗೆ ಕಲಿಸಿದ ಮೇಷ್ಟರಿಗೆ ಫೋನು ಮಾಡಿ, ಅಚ್ಚುವಿನ ತೂಕ ಹೇಳಿ, ಯಾವ ಔಷಧಿ ಎಷ್ಟು ಎಂದು ಎರಡೆರಡು ಸಲ ಕೇಳಿ ಬರೆದುಕೊಂಡರು. ಒಳಗೆ ಮಂಪರು ಬರಿಸಿ ಹಲ್ಲು ಸವರುವ ತನಕ ನಾವು ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ನನಗೆ ನಿಜವಾಗಿ ಅಳು ಬರುತ್ತಿತ್ತು. ಬರೀ ಹಲ್ಲು ನೋವಿಗೆ ಸುಮ್ಮನೆ ಕೂತಿದ್ದ ಮೂಕಪ್ರಾಣಿಗೆ ನಾನೇ ನನ್ನ ಕೈಯಾರೆ ವಿಷ ಹಾಕಿದ್ದೆ. ಅಚ್ಚು ಎಚ್ಚರವಾದ ಮೇಲೆ ಡಾಕ್ಟರಮ್ಮ ಎಲ್ಲ ವಿವರಿಸಿದರು. ತಾವು ಕೊಟ್ಟ ಹುಲ್ಲಿನ ಪುಡಿ ನೀರಲ್ಲಿ ನುಣ್ಣಗೆ ಕಲಸಿ ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಬಾಯಿಗೆ ಬಿಡಬೇಕು, ಹಸಿ ಹುಲ್ಲು, ಸೀಬೆಹಣ್ಣಿನ ಚೂರು ಮುಂದಿಡಬೇಕು, ದಿನಾ ತೂಕ ನೋಡಬೇಕು. "ಐದು ದಿನ ಹಿಕ್ಕೆ ನೋಡ್ತಾ ಇರಿ. ಗಟ್ಟಿಯಾಗಿ ಬಿದ್ದರೆ ಗೆದ್ದ ಹಾಗೆ. ನೀರಾದರೆ ತಕ್ಷಣ ಕರ್ಕೊಂಡು ಬನ್ನಿ." ವಾಪಸ್ಸು ಬರುವಾಗ ಬಸ್ಸಿನಲ್ಲಿ ಸುಮಿತ್ರ ಬುಟ್ಟಿ ಹಿಡಿದು ಹೆಂಗಸರ ಸೀಟಿಗೆ ಹೋಗಿ ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಿಕ್ಕೆ ಕಾಯುವ ಕೆಲಸವನ್ನು ಅವ್ವ ವಹಿಸಿಕೊಂಡಳು. ಅವಳು ಕುರಿ ಸಾಕಿದ ಮನೆಯ ಮಗಳು, ಹಿಕ್ಕೆಯ ವಿಷಯದಲ್ಲಿ ನಮ್ಮಲ್ಲಿ ಅವಳೊಬ್ಬಳೇ ಓದಿದವಳು. ಬೋನಿಗೆ ಪೇಪರು ಹಾಸಿ, ಎದುರಿಗೆ ಮಣೆ ಹಾಕಿಕೊಂಡು ಕೂತಳು. ನಾನು ಅಂಗಡಿಯಿಂದ ಗಂಟೆಗೊಮ್ಮೆ ಫೋನು ಮಾಡಿ "ಬಂತಾ?" ಎನ್ನುವುದು, ಅವಳು "ಇನ್ನೂ ಇಲ್ಲ ಕಣ್ಲಾ" ಎನ್ನುವುದು. ಮನೆಯಲ್ಲಿ ಯಾರಿಗೆ ಹೆರಿಗೆ ಎಂದು ಗಿರಾಕಿಗಳು ವಿಚಾರಿಸತೊಡಗಿದರು. ಗುರುವಾರ ಮಧ್ಯಾಹ್ನ ಅವಳೇ ಫೋನು ಮಾಡಿದಳು. "ಮಗಾ, ನಾಕು ಬಿದ್ದವೆ ಕಣ್ಲಾ! ಕಲ್ಲಿದ್ದಂಗವೆ. ಕುರೀದ್ಕಿಂತ ಚಂದಾಗವೆ!" ನಾನು ಶಟರು ಎಳೆದು ಓಡಿದೆ. ಸುಮಿತ್ರಳಿಗೆ ಫೋನು ಮಾಡಿದರೆ, ಎರಡು ದಿನದ ಮೌನ ಮುರಿದು ಅವಳು ಆಡಿದ ಮೊದಲ ಮಾತು, "ಫೋಟೋ ಕಳ್ಸಿ." ಭಾನುವಾರ ಫ್ರಿಜ್ಜು ತೆಗೆದಾಗ ಸಿಳ್ಳೆ ಬಂತು. ಸುಮಿತ್ರ ಕೊತ್ತಂಬರಿ ಕಟ್ಟು ಹಿಡಿದು ಅಲ್ಲೇ ನಿಂತು ಅತ್ತಳು. ನಾನು ಮುಖ ತೊಳೆಯಲು ಹೋದೆ.

ಆಮೇಲೆ ನಾನು ಬದಲಾದೆ. ಸಿರಪ್ಪು ಕೇಳಿ ಬಂದವರಿಗೆ ಚೀಟಿ ಎಲ್ಲಿ ಎಂದೆ. "ಯಾಕ್ ಡಾಕ್ಟ್ರೇ, ಇನ್‌ಸ್ಪೆಕ್ಟರ್ ಏನಾರ ಬಂದವ್ರಾ?" ಎಂದು ಗಿರಾಕಿಗಳು ಅಕ್ಕಪಕ್ಕ ನೋಡಿದರು. ಹೊಸದಾಗಿ ಮಾಲೆ ಹಾಕಿದವನಿಗೆ ಭಕ್ತಿ ಜಾಸ್ತಿ. ಊಟಕ್ಕೆ ಕೂತಾಗ ಮನೆಯಲ್ಲೂ ಭಾಷಣ ಶುರು ಮಾಡಿದೆ. ಅಂದಾಜಿನ ಮೇಲೆ ಔಷಧಿ ಕೊಡುವುದು ಪಾಪ, ಮೊದಲು ತೂಕ ನೋಡಬೇಕು, ಪರೀಕ್ಷೆ ಮಾಡಬೇಕು, ಆಮೇಲೆ ಮಾತ್ರೆ. ಅವ್ವ ಮುದ್ದೆ ಮುರಿಯುತ್ತಾ ಎಲ್ಲವನ್ನೂ ಕೇಳಿ, "ನಂಗ್ ಮಂಡಿ ನೋವ್ಗೆ ಆರ್ ವರ್ಸದಿಂದ ಮಾತ್ರೆ ಕೊಡ್ತಿದ್ದೀಯಲ್ಲಾ ಮಗಾ, ನಾನೆಸ್ಟ್ ತೂಕ ಇವ್ನಿ?" ಎಂದಳು.

ಅಚ್ಚುವಿನ ತೂಕ ನನಗೆ ಗ್ರಾಮಿನ ಲೆಕ್ಕದಲ್ಲಿ ಬಾಯಿಗೆ ಬರುತ್ತಿತ್ತು. ಅವ್ವನದು ಗೊತ್ತಿರಲಿಲ್ಲ. ಆರು ವರ್ಷ ನೋವಿನ ಮಾತ್ರೆ ನುಂಗಿದರೆ ಕಿಡ್ನಿ ಏನಾಗುತ್ತದೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಮಾರನೇ ದಿನ ಅಂಗಡಿ ಮುಚ್ಚಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಂಜೆ ರಕ್ತದ ರಿಪೋರ್ಟು ನೋಡಿದ ಡಾಕ್ಟರು, "ಆರು ವರ್ಷ ದಿನಾ ಈ ಮಾತ್ರೆ ತಗೊಂಡ್ರೂ ಕಿಡ್ನಿ ಇಷ್ಟು ಚೆನ್ನಾಗಿದೆಯಲ್ಲ, ಅಜ್ಜಿ ಗಟ್ಟಿಗಿತ್ತಿ!" ಎಂದು ಆಶ್ಚರ್ಯಪಟ್ಟರು. ಹೊರಗೆ ಬಂದು ಬೈಕು ತೆಗೆಯುವಾಗ ಅವ್ವ ನನ್ನ ತೋಳು ಹಿಡಿದು ಮೆಲ್ಲಗೆ, "ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ನೀನ್ ಎದುರ್ಗೆ ನಿಂತಾಗ ಮಾತ್ರ ಒಂದೊಂದ್ ನುಂಗ್ತಿದ್ದೆ. ಮಿಕ್ಕಿದ್ದೆಲ್ಲಾ ರಾಗಿ ಡಬ್ಬದಾಗವೆ. ಬೇಕಾದ್ರೆ ಅಂಗ್ಡೀಗ್ ವಾಪಸ್ ತಕ್ಕೊಂಡೋಗು" ಎಂದಳು.