ಗೋಡೆಯೊಳಗಿನ ಓಂಕಾರ

ಕನ್ನಡಕದಂಗಡಿಯವರಿಗೆ ಯೋಗ ತರಗತಿಯಲ್ಲಿ ಕಾಲು ಮಡಚುವುದು ಕಷ್ಟವಾಗಲಿಲ್ಲ, ಬಾಯಿ ತೆರೆಯುವುದು ಕಷ್ಟವಾಯಿತು. ಎಲ್ಲರೂ ಕಣ್ಣು ಮುಚ್ಚಿ ಶಾಂತಿಮಂತ್ರ ಹೇಳುವಾಗ ಅವರು ಬರೀ ತುಟಿ ಅಲ್ಲಾಡಿಸುತ್ತಿದ್ದರು. ಶನಿವಾರ ಯೋಗದ ಮೇಡಂ ಹಿಡಿದೇಬಿಟ್ಟರು.

“ಮೀನಿನ ಹಾಗೆ ಬಾಯಾಡಿಸಿದ್ರೆ ಬಿಪಿ ಇಳಿಯಲ್ಲ ಸಾರ್. ಓಂಕಾರ ಹೊಕ್ಕುಳಿಂದ ಬರಬೇಕು. ಮನೇಲಿ ಅಭ್ಯಾಸ ಮಾಡಿ.”

ಹೆಂಡತಿ ಕೇಳಿಸಿಕೊಂಡರೆ ವರ್ಷವಿಡೀ ನಗುತ್ತಾಳೆ. ಭಾನುವಾರ ಬೆಳಿಗ್ಗೆ ಅವಳು ತವರಿಗೆ ಹೊರಟ ಮೇಲೂ ಧೈರ್ಯ ಸಾಲದೆ ಅವರು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡರು. ಮಂತ್ರಕ್ಕೆ ಇದು ತಕ್ಕ ಜಾಗವೇ ಎಂಬ ಅಳುಕಿತ್ತು. ದೇವರು ಎಲ್ಲೆಲ್ಲೂ ಇದ್ದಾನೆಂದ ಮೇಲೆ ಇಲ್ಲೂ ಇರಬೇಕು ಎಂದು ಸಮಾಧಾನ ಮಾಡಿಕೊಂಡು ಶುರು ಮಾಡಿದರು. ಹೊಕ್ಕುಳಿಂದ ಹೊರಟ ಓಂಕಾರ ನೀರಿನ ಪೈಪು ಹಿಡಿದು ಐದು ಮಹಡಿ ಹತ್ತಿಳಿಯಿತು.

ಹತ್ತು ನಿಮಿಷದಲ್ಲಿ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯಲ್ಲಿರುವ, ಕಟ್ಟಡದ ಸಂಘದ ಸೆಕ್ರೆಟರಿ ನಿಂತಿದ್ದರು. ಅವರ ಬೆನ್ನಿಗೆ ಮೇಲಿನ ಮನೆಯ ಅಜ್ಜಿ.

“ಪೈಪಲ್ಲಿ ಗುಂಯ್ ಅಂತ ಏನೋ ಸದ್ದು. ನಿಮಗೂ ಕೇಳಿಸ್ತಾ?” ಎಂದರು ಸೆಕ್ರೆಟರಿ.

“ನನ್ನ ಮಂಚವೇ ನಡುಗಿತು ಕಣಪ್ಪಾ,” ಎಂದರು ಅಜ್ಜಿ.

‘ಅದು ನಾನೇ’ ಎನ್ನಲು ಕನ್ನಡಕದಂಗಡಿಯವರು ಬಾಯಿ ತೆರೆದರು. ಹೊರಬಿದ್ದದ್ದು ಬೇರೆ: “ಹೌದೌದು, ವಿಪರೀತ ಕೇಳಿಸ್ತು!”

ಪ್ಲಂಬರ್ ಬಂದ. ಡಾಕ್ಟರು ಎದೆ ಪರೀಕ್ಷಿಸುವಂತೆ ಬಚ್ಚಲುಮನೆಯ ಗೋಡೆಗೆ ಕಿವಿಯಿಟ್ಟ. “ರೋಗ ಇಲ್ಲೇ ಇರೋದು. ಗೋಡೆ ಒಡೀಬೇಕು.”

ಸೆಕ್ರೆಟರಿ ತಕ್ಷಣ ಒಪ್ಪಿದರು. ಕನ್ನಡಕದಂಗಡಿಯವರ ಜೀವ ಬಾಯಿಗೆ ಬಂತು. ಆ ನೀಲಿ ಟೈಲ್ಸನ್ನು ಹೆಂಡತಿ ಹನ್ನೊಂದು ಅಂಗಡಿ ಅಲೆದು ಆರಿಸಿದ್ದಳು.

“ನಿಲ್ಸಿ! ಪೈಪಲ್ಲ, ನಾನು! ಓಂಕಾರ ಹೇಳ್ತಿದ್ದೆ!”

“ಎಲ್ಲಿ, ಹೇಳಿ ನೋಡೋಣ,” ಎಂದ ಪ್ಲಂಬರ್.

ಅಷ್ಟರಲ್ಲಿ ಬಾಗಿಲಲ್ಲಿ ಏಳೆಂಟು ತಲೆಗಳು ಸೇರಿದ್ದವು. ಕನ್ನಡಕದಂಗಡಿಯವರು ಕಣ್ಣು ಮುಚ್ಚಿ ಉಸಿರೆಳೆದರು. ಅಷ್ಟು ಜನರೆದುರು, ಬಾಗಿಲ ಸಂದಿಗೆ ಸಿಕ್ಕ ಬೆಕ್ಕಿನ ಮರಿಯ ದನಿ ಹೊರಟಿತು.

“ಪಾಪ, ಗೋಡೆ ಉಳಿಸ್ಕೊಳ್ಳೋಕೆ ಏನೇನೋ ಹೇಳ್ತಾನೆ,” ಎಂದು ಅಜ್ಜಿ ಮರುಗಿದರು. ಸುತ್ತಿಗೆ ಬಿತ್ತು.

ಪೈಪು ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿತ್ತು. “ಸದ್ದು ನಿಂತಿದೆಯಲ್ಲ, ಅಷ್ಟೇ ಬೇಕಾಗಿದ್ದು. ಮುಚ್ಚೋಕೆ ಮೇಸ್ತ್ರಿಗೆ ಹೇಳಿ,” ಎಂದು ಪ್ಲಂಬರ್ ಹೊರಟ.

ಸಂಜೆ ಅವರು ನೀಲಿ ಚೂರುಗಳನ್ನು ಗುಡಿಸುತ್ತಿದ್ದರು. ಗೋಡೆಯ ತೂತಿನಿಂದ ಗಂಭೀರವಾದ ಓಂಕಾರ ಎದ್ದುಬಂತು. ಹಿಂದೆಯೇ ಸ್ಪಷ್ಟವಾಗಿ ಶಾಂತಿಮಂತ್ರ. ಅವರು ತೂತಿಗೆ ತಲೆ ತುರುಕಿದರು.

“ಯಾರದು?”

ಮಂತ್ರ ಥಟ್ಟನೆ ನಿಂತಿತು. “ಮೆಲ್ಲಗೆ ಸಾರ್! ನಾನು, ಸೆಕ್ರೆಟರಿ. ನನಗೂ ಬಿಪಿ.”

“ಮತ್ತೆ ಬೆಳಿಗ್ಗೆ ಪೈಪು ಅಂದ್ರಲ್ರೀ!”

“ನಾನೂ ಆಗ ಹೇಳ್ತಾ ಇದ್ದೆ. ಏನದು ಸದ್ದು ಅಂತ ನಮ್ಮನೆಯವಳು ಬಚ್ಚಲ ಬಾಗಿಲು ಬಡಿದ್ಲು. ಪೈಪು ಅಂದುಬಿಟ್ಟೆ. ಆಮೇಲೆ ಹಿಂದೆ ಸರಿಯೋಕಾಗ್ಲಿಲ್ಲ.”

“ನಾನು ಒಪ್ಕೊಂಡಾಗ ನೀವೂ ಬಾಯಿ ಬಿಡಬಹುದಿತ್ತಲ್ಲ?”

“ಬಿಡೋನೇ ಇದ್ದೆ. ಆದ್ರೆ ನಿಮ್ಮನ್ನೇ ಯಾರೂ ನಂಬಲಿಲ್ಲ. ಒಡೆಯೋದೇ ಆದ್ರೆ ಒಬ್ಬರ ಗೋಡೆ ಸಾಕಲ್ವಾ? ದಯವಿಟ್ಟು ಯಾರಿಗೂ ಹೇಳ್ಬೇಡಿ.”

ಬೆನ್ನ ಹಿಂದೆ ಚೀಲ ನೆಲಕ್ಕೆ ಬಿದ್ದ ಸದ್ದಾಯಿತು. ಹೆಂಡತಿ ತೂತನ್ನೂ ಅದರೊಳಗಿದ್ದ ಗಂಡನ ತಲೆಯನ್ನೂ ದಿಟ್ಟಿಸುತ್ತ ನಿಂತಿದ್ದಳು.

“ಯಾರ ಜೊತೆ ಮಾತಾಡ್ತಿದ್ದೀರಿ?”

ಅವರು ಮೆಲ್ಲನೆ ತಲೆ ಹೊರತೆಗೆದರು.

“ಪೈಪಿನ ಜೊತೆ,” ಎಂದರು.