ಮಾವ ಕಲಿತ ಇಟಲಿಯ ಮರ್ಯಾದೆ

ಇಟಲಿಯವರು ಹೇಗೆ ನಡೆದುಕೊಳ್ಳಬೇಕೆಂಬುದು ಇಟಲಿಯವರಿಗಿಂತ ಚೆನ್ನಾಗಿ ಗೊತ್ತಿದ್ದವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರು ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು ಮತ್ತು ನನ್ನ ಸೋದರಮಾವನಾಗಿದ್ದರು. ನೀವು ನಂಬಲಿಕ್ಕಿಲ್ಲ. ನಮ್ಮ ಅಪ್ಪನಂತೂ ಕೊನೆಯವರೆಗೂ ನಂಬಲಿಲ್ಲ!

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾರ್ಖಾನೆಯ ಮಾಲಕರು ಇಟಲಿಯಿಂದ ಹಂಚು ಒತ್ತುವ ಹೊಸ ಯಂತ್ರ ತರಿಸುವವರಿದ್ದರು. ಅದನ್ನು ನಡೆಸುವುದನ್ನು ಕಲಿಯಲು ಒಬ್ಬರು ಮೂರು ವಾರ ಅಲ್ಲಿಗೆ ಹೋಗಬೇಕಿತ್ತು. ಮಣ್ಣನ್ನು ಬೆರಳಲ್ಲಿ ತಿಕ್ಕಿ ಅದರ ಜಾತಕ ಹೇಳಬಲ್ಲವರು ಮಾವನೊಬ್ಬರೇ. ಆದರೆ ಅವರು ಓದಿದ್ದು ನಾಲ್ಕನೆಯ ಇಯತ್ತೆ. ಮಾಲಕರು ಒಲ್ಲದ ಮನಸ್ಸಿನಿಂದ ಒಪ್ಪಿ, ಕೂಲಿಯವರೆಲ್ಲರ ಎದುರಿಗೇ ಒಂದು ಮಾತು ಹೇಳಿದರು: "ಹೋಗು. ಆದರ ಅಲ್ಲಿ ನಾಕ ಮಂದ್ಯಾಗ ನಮ್ಮ ಮಾನಾ ಕಳದು ಬರಬ್ಯಾಡ."

ಆ ಮಾತು ಮಾವನ ಮನಸ್ಸಿಗೆ ನಾಟಿತು. ವಿಮಾನದ ಹೆದರಿಕೆ ಅವರಿಗಿರಲಿಲ್ಲ, ನಗೆಗೀಡಾಗುವ ಹೆದರಿಕೆ ಇತ್ತು. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ, ಪ್ರಾಯದಲ್ಲಿ ರೋಮಿಗೆ ಹೋಗಿ ಓದಿಬಂದ ಒಬ್ಬ ಮುದಿ ಪಾದ್ರಿ ಇದ್ದಾರೆಂದು ಪತ್ತೆ ಹಚ್ಚಿ, ಪ್ರತಿ ಭಾನುವಾರ ಬಸ್ಸು ಹತ್ತಿ ಬರತೊಡಗಿದರು. ಪಾಠ ಕ್ಯಾಂಪಿನಲ್ಲಿ, ಪ್ರಯೋಗ ಅದೇ ಊರಿನ ಅನಗೋಳದ ನಮ್ಮ ಮನೆಯಲ್ಲಿ!

ಮೊದಲನೆಯದು ಶಾವಿಗೆ. ಇಟಲಿಯವರು ಉದ್ದನೆಯ ಶಾವಿಗೆ ಉಣ್ಣುತ್ತಾರಂತೆ. ಅದಕ್ಕೆ ಕೈ ಹಚ್ಚಬಾರದು, ತುಂಡರಿಸಬಾರದು, ಸುರ್ರೆಂದು ಎಳೆಯಬಾರದು; ಮುಳ್ಳುಚಮಚೆಗೆ ಸುತ್ತಿ ಸುತ್ತಿ ಬಾಯಿಗಿಡಬೇಕು. ನಮ್ಮಂಥವರ ಮನೆಯಲ್ಲಿ ಮುಳ್ಳುಚಮಚೆ ಎಲ್ಲಿಂದ ಬರಬೇಕು? ಮಾವ ಕಾರ್ಖಾನೆಯ ಫಿಟ್ಟರ್ ಕೈಯಲ್ಲಿ ಕಬ್ಬಿಣದ ಸರಳಿನಿಂದ ಒಂದನ್ನು ಮಾಡಿಸಿ ತಂದರು. ಅದರಿಂದ ಊಟವನ್ನೂ ಮಾಡಬಹುದಿತ್ತು, ಗೊಬ್ಬರವನ್ನೂ ಎತ್ತಬಹುದಿತ್ತು. ಹನ್ನೆರಡಕ್ಕೆ ತಾಟಿನ ಮುಂದೆ ಕೂತವರು ಎರಡು ಹೊಡೆದರೂ ಸುತ್ತುತ್ತಲೇ ಇದ್ದರು. ಅವ್ವ ಪಾತ್ರೆಗಳನ್ನೆಲ್ಲ ತೊಳೆದು ಬಂದು ಕೇಳಿದಳು:

"ಅಣ್ಣಾ, ಇಟ್ಲಿಯಾಗ ಮಧ್ಯಾಹ್ನದ ಊಟಕ್ಕ ಎಷ್ಟೊತ್ತು ಹಿಡೀತೈತಿ?"

"ಎರಡ ತಾಸು ಉಣ್ತಾರಂತ. ಫಾದರ್ ಹೇಳ್ಯಾರ."

"ಯಾಕಂತ ಈಗ ತಿಳೀತ ಬಿಡು."

ಮುಂದಿನ ಭಾನುವಾರದ ಪಾಠ, ಗುರುತಿನವರು ಸಿಕ್ಕಾಗ ಕೆನ್ನೆಗೆ ಕೆನ್ನೆ ತಾಗಿಸುವುದು. ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಅಪ್ಪ ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ದೇವರ ಮನೆಯಿಂದ ಹೊರಗೆ ಬರುತ್ತಿದ್ದರು. ಮಾವ ಅವರ ಎರಡೂ ಭುಜ ಹಿಡಿದರು. ಅಪ್ಪ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಅವರನ್ನು ಹಾಗೆ ಯಾರೂ ಹಿಡಿದವರಲ್ಲ. ಎರಡೂ ಕೆನ್ನೆಯ ಶಾಸ್ತ್ರ ಮುಗಿಯುವವರೆಗೆ ಕಂಬದ ಹಾಗೆ ನಿಂತು, ಆಮೇಲೆ ಅವ್ವನ ಕಡೆ ತಿರುಗಿ ಒಂದೇ ಮಾತು ಕೇಳಿದರು: "ನಿಮ್ಮಣ್ಣ ಎಂದ ಹೊಂಟಾನ?"

ಹೊರಡಲು ಇನ್ನೂ ಒಂದು ತಿಂಗಳಿತ್ತು. ಆ ತಿಂಗಳಿಡೀ ಅಪ್ಪನಿಗೆ ಭಾನುವಾರವೂ ಕಚೇರಿಯಲ್ಲಿ ತುರ್ತು ಕೆಲಸ ಬಂತು.

ಅಂತೂ ಮಾವ ಹೋದರು, ಮೂರು ವಾರ ಇದ್ದು ಬಂದರು. ಮುಂಬಯಿಯಿಂದ ರೈಲಿನಲ್ಲಿ ಬಂದವರು ಒಂದು ದಿನ ನಮ್ಮಲ್ಲೇ ಉಳಿದರು. ಓಣಿಯ ಅರ್ಧ ಜನ ನಮ್ಮ ಪಡಸಾಲೆಯಲ್ಲಿದ್ದರು. ಅಲ್ಲಿಯ ಜನ ಹೇಗೆ ಎಂದು ಯಾರೋ ಕೇಳಿದ್ದೇ ತಡ, ಮಾವ ಶುರು ಮಾಡಿದರು. ಪಾದ್ರಿ ಅವರಿಗೆ ಬರೀ ಮರ್ಯಾದೆಯ ಮಾತು ಕಲಿಸಿದ್ದರು. ಬರುವಾಗ ಹೋಗುವಾಗ ಗೆಳೆಯರು ಅನ್ನುವ ನಮಸ್ಕಾರದಂಥ ಸಲಿಗೆಯ ಮಾತು ಒಂದನ್ನೂ ಹೇಳಿಕೊಟ್ಟಿರಲಿಲ್ಲ. ಎಡವಟ್ಟಾದದ್ದೇ ಅಲ್ಲಿ.

"ಮುಂಜಾನೆ ಗೇಟಿನಾಗ ಕಾಲಿಟ್ರ ಸಾಕು, ಎದರ ಬಂದವ್ರೆಲ್ಲಾ 'ಚಾವ್' ಅಂತಿದ್ರು. ಚಾ ಕುಡೀರಿ ಅಂತಾರ ಅಂದ್ಕೊಂಡು ನಾನೂ ರೀತಿ ಬಿಡಲಿಲ್ಲ. 'ಬ್ಯಾಡ್ರಿ, ಈಗರ ಆತು' ಅಂತಿದ್ದೆ. ಸಂಜಿಮುಂದ ಮನಿಗಿ ಹೋಗುವಾಗೂ ಚಾವ್! ಎಂಥಾ ಛಲೋ ಮಂದಿ ಅಂತ ಖುಷಿ ಆತು. ಮೂರನೇ ದಿನ 'ಆತು, ಕೊಡ್ರಿ' ಅಂದೆ."

"ಕೊಟ್ರೇನು?" ಅವ್ವ ಕೇಳಿದಳು.

"ಎಲ್ಲೀದು! ಅವ ಕೈ ಬೀಸಿ ಹ್ವಾದ."

"ಇಂಥವ್ರು ನಮ್ಮ ಓಣ್ಯಾಗೂ ಅದಾರ," ಎಂದು ಒಳಗಿನಿಂದ ಅಪ್ಪನ ದನಿ ಬಂತು. ಇಟಲಿಯ ವಿಷಯದಲ್ಲಿ ಅವರು ಬಾಯಿ ಬಿಟ್ಟದ್ದು ಅದೇ ಮೊದಲು.

ಯಂತ್ರ ಕಲಿಸುವವನ ಮನೆಗೆ ಮಾವನನ್ನು ಊಟಕ್ಕೂ ಕರೆದಿದ್ದರಂತೆ. ಆ ಮನೆಯ ಅಜ್ಜಿ ತಾಟಿಗೆ ಬಡಿಸುತ್ತಲೇ ಹೋದಳಂತೆ. "ಸಾಕು ಅನ್ನಾಕ ನಮ್ಮಲ್ಲಿ ಬಸ್ ಅಂದ್ರ ಅಲ್ಲಿ ಬಸ್ತಾ. ಎಷ್ಟ ಸಲ ಅಂದ್ರೂ ಬಡಸಾವ್ರು ಕೇಳಾಂಗಿಲ್ಲ. ಆವಾಗ ಗೊತ್ತಾತು, ಇವ್ರು ನಮ್ಮವ್ರ ಅಂತ," ಅಂದರು ಮಾವ. ಕಬ್ಬಿಣದ ಮುಳ್ಳಿನ ತಾಲೀಮು ಕೂಡ ಫಲ ಕೊಟ್ಟಿತಂತೆ: ಅಲ್ಲಿಯ ಹಗುರ ಚಮಚೆಯಲ್ಲಿ ಅವರು ಎಲ್ಲರಿಗಿಂತ ಮೊದಲು ಉಂಡು ಮುಗಿಸಿದರಂತೆ. ಅದೂ ಅಲ್ಲಿ ಅಮರ್ಯಾದೆಯಂತೆ!

ಮರುದಿನ ಅವರನ್ನು ಖಾನಾಪುರಕ್ಕೆ ಮುಟ್ಟಿಸಲು ನಾನು ಜೊತೆಗೆ ಹೋದೆ. ಬಸ್ಸಿನಲ್ಲಿ ಮಾವ ದನಿ ತಗ್ಗಿಸಿ ಹೇಳಿದರು:

"ಫಾದರ್ ಒಂದ ಶಬ್ದಾ ಕಲಿಸಿದ್ರು. ನಾಚಿಕಿ ಆಗಿ ನಿಮಗ ಯಾರಿಗೂ ಹೇಳಿದ್ದಿಲ್ಲ. ಹಿರ್ಯಾರಿಗೆ, ದೊಡ್ಡವ್ರಿಗೆ ನಾವು 'ತಾವು' ಅಂತೇವಲ್ಲಾ, ಅದಕ್ಕ ಅವ್ರು 'ಲೇಯ್' ಅಂತಾರ."

ನಾನು ಬಿದ್ದು ಬಿದ್ದು ನಕ್ಕೆ. ನಗದೆ ಏನು ಮಾಡಲಿ? ನಮ್ಮ ಕಡೆ 'ಲೇ' ಎಂದು ಯಾರಿಗೆ ಅನ್ನುತ್ತಾರೆ? ಎಮ್ಮೆಗೆ, ಕಿರಿಯರಿಗೆ, ಕೂಲಿಯವರಿಗೆ, ಕಟ್ಟಿಕೊಂಡ ಹೆಂಡತಿಗೆ. ಮಾವ ನಗಲಿಲ್ಲ.

"ಮೊದಲ ದಿನ ಆ ಕಾರ್ಖಾನಿ ಮಾಲಕ ಬಂದ. ಮುದುಕ, ಕೋಟ್ ಹಾಕ್ಕೊಂಡಿದ್ದ. ನನ್ನ ನೋಡಿ 'ಲೇಯ್' ಅಂದ. ಫಾದರ್ ಹೇಳಿದ್ದು ಮರತ ಹೋತು. ಇಲ್ಲೂ ಅದ ಹಣೇಬಾರ ಅಂದ್ಕೊಂಡೆ. ನಮ್ಮ ಮಾಲಕರು ಇಪ್ಪತ್ತ ವರ್ಷ ನನಗ ಕರದದ್ದೂ ಅದ ಶಬ್ದಾನ ಅಲ್ಲೇನು? ನೋಡ್ತೇನಿ, ಅವ ತನ್ನ ಕೈಯಾರೆ ಕುರ್ಚಿ ಎಳದು, ನಾ ಕುಂದರೂತನಕ ತಾ ನಿಂತಾನ. ಐವತ್ತ ವರ್ಷದಾಗ ಯಾರೂ ನನಗ ಹಂಗ ಕುರ್ಚಿ ಎಳದಿದ್ದಿಲ್ಲ. ಹಂಗ ಅನಿಸ್ಕೊಂಡ್ರ ಎದಿ ಹೆಂಗ ತುಂಬತೈತಿ ಅಂತ ನನಗ ಗೊತ್ತ ಇದ್ದಿಲ್ಲ."

ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮನೆ ಮುಟ್ಟಿದಾಗ ಅತ್ತೆ ತಂಬಿಗೆಯಲ್ಲಿ ಕಾಲಿಗೆ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೆಳಗಿನಿಂದಲೂ ನಿಂತಿದ್ದಳೋ ಏನೋ. ಮಾವ ಕಾಲು ತೊಳೆದು ಒಳಗೆ ಬಂದರು. ಮೂಲೆಯಲ್ಲಿದ್ದ ಒಂದೇ ಕುರ್ಚಿಯನ್ನು ನಡುಮನೆಗೆ ಎಳೆದರು. ತಾವು ಕೂರಲಿಲ್ಲ.

"ಬರ್ರಿ, ಕುಂದರ್ರಿ," ಅಂದರು.

ಅತ್ತೆ ಗಾಬರಿಯಿಂದ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದಳು, ಹಿಂದಿನಿಂದ ಯಾರೋ ದೊಡ್ಡವರು ಬಂದಿದ್ದಾರೆಂದು. ಅಲ್ಲಿ ಯಾರೂ ಇರಲಿಲ್ಲ.

"ನಿಮಗ ಅಂದೆ."

"ನನಗ ಯಾಕ ಹಂಗ ಅಂತೀರಿ? ಮೈಯಾಗ ಆರಾಮ ಐತಿಲ್ರಿ?" ಅತ್ತೆ ಮಾವನ ಹಣೆ ಮುಟ್ಟಿ ನೋಡಿದಳು.

"ಆರಾಮ ಐತಿ. ಕುಂದರ್ರಿ. ಭಾಳ ವರ್ಷ ನಿಂತೀರಿ."

ಅತ್ತೆ ಸೆರಗಿನಿಂದ ಮೊದಲು ಕುರ್ಚಿ ಒರೆಸಿದಳು, ಆಮೇಲೆ ಕಣ್ಣು ಒರೆಸಿಕೊಂಡಳು. ಮಾವ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ಕೊನೆಗೆ ಅತ್ತೆ ಕೂತಳು.

ತಪ್ಪಾಯಿತು. ಅತ್ತೆ ಕೂತರು.